ಸದ್ದಿನ ಹಾಜರಿ

“ಇನ್ನೊಂಚೂರು ಮ್ಯಾಲ ಎತ್ರಿ, ಕುತ್ತಿಗಿ ಜೋತು ಬೀಳ್ಲಾಕತ್ತದ,” ಎನ್ನುತ್ತ ಮಹಾದೇವಪ್ಪ ಅಣ್ಣನ ಎರಡೂ ಕಂಕುಳಿಗೆ ಕೈ ಕೊಟ್ಟು ಗೋಡೆಗೆ ಒರಗಿಸಿದ. ಓಣಿಯ ಇಬ್ಬರು ಸೊಂಟ ಹಿಡಿದುಕೊಂಡಿದ್ದರು. ಎದೆಗೆ ಸುತ್ತಿದ ಪಂಚೆಯನ್ನು ಕಿಟಕಿಯ ಸರಳಿಗೆ ಬಿಗಿದಿದ್ದಾಯಿತು, ಗದ್ದಕ್ಕೊಂದು ಪಟ್ಟಿ ಕಟ್ಟಿದ್ದಾಯಿತು. ಅಣವೀರಪ್ಪನವರ ತಲೆ ಮಾತ್ರ ಎಡಕ್ಕೇ ವಾಲುತ್ತಿತ್ತು. ಅವರ ಪೈಕಿ ಸತ್ತವರನ್ನು ಮಲಗಿಸುವುದಿಲ್ಲ. ಕೂರಿಸುತ್ತಾರೆ, ಕೂತಂತೆಯೇ ಮಣ್ಣಿಗೆ ಒಯ್ಯುತ್ತಾರೆ.

“ಅಲ್ಲಿ ಬ್ಯಾಡ,” ಎಂದರು ಶಾರದಾಬಾಯಿ. ಗಂಡ ಹೋದದ್ದು ಗೊತ್ತಾದಾಗಿನಿಂದ ಅವರು ಬಾಯಿ ಬಿಟ್ಟದ್ದು ಇದೇ ಮೊದಲು. “ಮೇಜಿನ ಹಿಂದ ಕುಂಡ್ರಿಸ್ರಿ. ಅವರು ಕುಂಡ್ರೋದೇ ಅಲ್ಲಿ.”

ಮೇಜು ಎಳೆದು ಬದಿಗಿಟ್ಟರು. ಅದರ ಹಿಂದಿನ ಗೋಡೆಯಲ್ಲಿ ತಿಳಿನೀಲಿ ಬಣ್ಣದ ಒಂದು ಚೌಕವಿತ್ತು. ಬಾಡಿಗೆ ಮನೆಯ ಉಳಿದ ಗೋಡೆಗಳೆಲ್ಲ ಸುಣ್ಣ ಉದುರಿಸಿಕೊಂಡು ನಿಂತಿದ್ದರೂ ಅದೊಂದು ಚೌಕ ಮಾತ್ರ ಹಬ್ಬಕ್ಕೆ ಬಳಿದಷ್ಟು ಹೊಸದಾಗಿತ್ತು. ಆನ್‌ಲೈನ್ ಪಾಠ ಹೇಳುವ ಲ್ಯಾಪ್‌ಟಾಪಿನ ಕ್ಯಾಮೆರಾಕ್ಕೆ ಗೋಡೆ ಎಷ್ಟು ಕಾಣುತ್ತದೋ ಅಷ್ಟಕ್ಕೆ ಅಣವೀರಪ್ಪನವರು ತಾವೇ ಕುಂಚ ಹಿಡಿದು ಬಣ್ಣ ಹಚ್ಚಿದ್ದರು. “ಕಾಣೋದಷ್ಟ ನಮ್ಮದು, ಉಳಿದದ್ದು ಮಾಲಕರದ್ದು,” ಎಂದು ಅದಕ್ಕೊಂದು ಸಮಜಾಯಿಷಿಯನ್ನೂ ಕೊಟ್ಟಿದ್ದರು. ಆ ಚೌಕಕ್ಕೆ ಬೆನ್ನು ಕೊಟ್ಟು ಕೂರಿಸಿದ ಮೇಲೆ ತಲೆ ಹೇಗೋ ನೆಟ್ಟಗೆ ನಿಂತಿತು. ಮಹಾದೇವಪ್ಪ ಹಣೆಯ ಬೆವರು ಒರೆಸಿಕೊಂಡ.

“ವೈನಿ, ಅಂಗಿ ಯಾವುದು ಹಾಕೋಣ್ರಿ?”

ಶಾರದಾಬಾಯಿ ಎದ್ದು ಗೂಟದಲ್ಲಿದ್ದ ಗೀರಿನ ಅಂಗಿ ತಂದರು. ಇಸ್ತ್ರಿ ಮಡಿಕೆ ಇನ್ನೂ ಮುರಿದಿರಲಿಲ್ಲ. ಪಾಠದ ಹೊತ್ತಿಗೆ ಮಾತ್ರ ತೊಡುವ ಅಂಗಿ ಅದು. ಮೇಲೆ ಗೀರಿನ ಅಂಗಿ, ಮೇಜಿನ ಕೆಳಗೆ ಲುಂಗಿ; ಇಷ್ಟು ವರ್ಷ ಈ ಮನುಷ್ಯ ಅರ್ಧ ಮೇಷ್ಟ್ರಾಗಿ, ಅರ್ಧ ಮನೆಯವನಾಗಿ ಕೂತಿದ್ದರು. ಮೇಷ್ಟ್ರ ಅರ್ಧವೇ ಹೆಚ್ಚು ಮಾತಾಡುತ್ತಿತ್ತು ಎಂಬುದು ಶಾರದಾಬಾಯಿಯವರ ಹಳೆಯ ತಕರಾರು.

ಅಯ್ಯನವರು ಬಂದರು, ಹಣೆಗೆ ವಿಭೂತಿ ಬಳಿದರು, ಅಂಗೈಯಲ್ಲಿ ಲಿಂಗ ಇಟ್ಟರು. ಹೆಂಗಸರು ಸುತ್ತ ಕೂತರು. “ಪಾಪ, ಮಕ್ಕಳಿಲ್ಲ ಮರಿ ಇಲ್ಲ, ಕಲಿಯೋ ಹುಡುಗರೇ ಮಕ್ಕಳಿದ್ದಂಗ ಇದ್ರು,” ಎಂದು ಯಾರೋ ಮೂಗು ಸೀನಿದರು. ಶಾರದಾಬಾಯಿಗೆ ಮೈ ಉರಿಯಿತು. ಆ ಹುಡುಗರು ಗಂಡನಿಗೆ ಮಕ್ಕಳಾಗಿದ್ದರೆ ತನಗೇನಾಗಿದ್ದರು, ಅದನ್ನೂ ಇವರೇ ಹೇಳಲಿ ಎನಿಸಿತು.

ಪಕ್ಕದ ಮನೆಯ ಇಮಾಮಬಿ ಕೆಟಲಿನಲ್ಲಿ ಚಹಾ ತಂದು ಕೈಗೆ ಕಪ್ಪು ತುರುಕಿದಳು.

“ಒಂದ್ ಗುಟುಕರ ಕುಡೀರಿ ಬಾಯಿ. ಅತ್ತುಬಿಡ್ರಿ. ಹಿಂಗ ಗಟ್ಟಿ ಕುಂತ್ರ ಕಲೇಜಾ ಒಡೀತದ.”

ಅಳು ಬರುತ್ತಿರಲಿಲ್ಲ. ಒಂದು ವಾರದಿಂದ ಅವರು ಗಂಡನ ಜೊತೆ ಮಾತು ಬಿಟ್ಟಿದ್ದರು. ಇದು ಈ ಮನೆಯಲ್ಲಿ ಇಬ್ಬರಿಗೆ ಮಾತ್ರ ಗೊತ್ತಿದ್ದ ವಿಷಯ, ಈಗ ಒಬ್ಬರಿಗೆ. ನಿನ್ನೆ ಸಂಜೆ ಗಂಡ ಅಡುಗೆಮನೆಯ ಬಾಗಿಲಲ್ಲಿ ನಿಂತು, “ಕೈ ನೋಯ್ತಾವೇನು?” ಎಂದು ಕೇಳಿದ್ದರು. ಶಾರದಾಬಾಯಿ ಗೋಡೆ ಕಡೆ ತಿರುಗಿದ್ದರು. ಬೆಳಿಗ್ಗೆ ಚಹಾ ಕುಡಿದು ಮತ್ತೆ ಅಡ್ಡಾದವರು ಏಳಲಿಲ್ಲ. ಕೇಳಿದ ಪ್ರಶ್ನೆ ಹಾಗೇ ಬಾಗಿಲಲ್ಲಿ ನಿಂತುಬಿಟ್ಟಿತು.

*

ಅಣವೀರಪ್ಪನವರು ಜೀವನಪೂರ್ತಿ ಅತಿಥಿ ಉಪನ್ಯಾಸಕರು. ಕಲಬುರಗಿಯ ಕಾಲೇಜುಗಳೆಲ್ಲ ಅವರನ್ನು ಅತಿಥಿ ಎಂದೇ ಕರೆದವು, ಅತಿಥಿಯಂತೆಯೇ ಕಳಿಸಿಕೊಟ್ಟವು. ಕರೋನಾ ವರ್ಷ ಅದೂ ನಿಂತಾಗ, ಜಗತ್ ಸರ್ಕಲ್ಲಿನ ಹತ್ತಿರದ ಒಂದು ಕೋಚಿಂಗ್ ಸಂಸ್ಥೆಯವರು ಕರೆದರು. ದುಡಿಯುತ್ತಲೇ ಬಿ.ಎ. ಕಟ್ಟಿದವರಿಗೆ ದಿನಾ ಸಂಜೆ ಐದಕ್ಕೆ ಆನ್‌ಲೈನಿನಲ್ಲಿ ಅರ್ಥಶಾಸ್ತ್ರ ಹೇಳಬೇಕು. ಕುಂತಲ್ಲೇ ಕೆಲಸ.

ಮೊದಮೊದಲು ಪಾಠ ಮುಗಿಸಿ ಎದ್ದರೆ ಕಲ್ಲು ಹೊತ್ತವರಂತೆ ದಣಿದಿರುತ್ತಿದ್ದರು. ನೆಟ್ ಖರ್ಚಾಗುತ್ತದೆಂದು ಒಬ್ಬರೂ ಕ್ಯಾಮೆರಾ ತೆಗೆಯುತ್ತಿರಲಿಲ್ಲ. ಪರದೆಯ ತುಂಬ ಕರಿ ಚೌಕಗಳು, ಅದರೊಳಗೆ ಹೆಸರುಗಳು. “ತಿಳೀತೇನ್ರಪಾ?” ಎಂದರೆ ಹೂಂ ಇಲ್ಲ, ಉಹೂಂ ಇಲ್ಲ. “ಗ್ವಾಡಿಗಿ ಪಾಠ ಹೇಳಿದಂಗ ಆಗ್ಲಾಕತ್ತದ ಶಾರದಾ,” ಎಂದು ಊಟಕ್ಕೆ ಕೂತಾಗ ಹೇಳಿದರು. “ಪಗಾರ ಕೊಡ್ತಾರಲ್ಲ, ಗ್ವಾಡಿಗೇ ಹೇಳ್ರಿ,” ಎಂದಿದ್ದರು ಶಾರದಾಬಾಯಿ.

ಒಂದು ದಿನ ಪಾಠದ ನಡುವೆ ಕಟಕಟ ಸದ್ದು ಬಂತು. ಯಾರೋ ಮೈಕ್ ಬಂದ್ ಮಾಡುವುದನ್ನು ಮರೆತಿದ್ದರು. ಬೇರೆ ಮೇಷ್ಟ್ರಾಗಿದ್ದರೆ ಗದರುತ್ತಿದ್ದರು. ಇವರ ಮುಖ ಅರಳಿತು.

“ಏನದು? ಯಾರ ಮನೀದು?”

“ಸಾರಿ ಸರ್, ನಂದ್ರಿ. ಹೊಲಿಗಿ ಮಶೀನ್ರಿ. ಈದ್ ಬಂತಲ್ರಿ, ಬಟ್ಟಿ ಕೊಡಬೇಕಾಗ್ಯಾದ. ಬಂದ್ ಮಾಡ್ತೀನ್ರಿ.”

“ಬ್ಯಾಡವಾ, ಹೊಲಕೋತ ಕೇಳು. ನೀ ಇದ್ದೀ ಅಂತ ನನಗೂ ತಿಳೀಲಿ.”

ಮೋಮಿನಪುರದ ಮುಬಶ್ಶಿರಾ ಅವಳು. ಮಾರನೆಯ ದಿನದಿಂದ ಹಾಜರಿಯ ರೀತಿಯೇ ಬದಲಾಯಿತು. ನಂಬರು ಕೂಗುವುದಿಲ್ಲ, ಯೆಸ್ ಸರ್ ಇಲ್ಲ. “ಎಲ್ಲಾರೂ ಒಂದ್ ಗಳಿಗಿ ಮೈಕ್ ತೆಗೀರಿ. ಮಾತಾಡಬ್ಯಾಡ್ರಿ. ನಿಮ್ಮ ಮನಿ ಕೇಳಸ್ಲಿ.” ಸೂಪರ್ ಮಾರ್ಕೆಟ್ ಬೀದಿಯಲ್ಲಿ ಹಣ್ಣಿನ ಬಂಡಿ ನಿಲ್ಲಿಸಿಕೊಂಡೇ ಕೇಳುತ್ತಿದ್ದ ಉಜೈರ್‌ನ ಕಡೆಯಿಂದ ಆಟೋ ಹಾರನ್ನು, ಹಳ್ಳಿಯ ಗೌತಮಿಯ ಕಡೆಯಿಂದ ಕೂಸಿನ ಅಳು ಮತ್ತು ಎಮ್ಮೆಯ ಕೊರಳಗಂಟೆ. ಅಣವೀರಪ್ಪನವರು ಕಣ್ಣು ಮುಚ್ಚಿ ಕೇಳುವರು. “ಗೌತಮಿ, ಕೂಸಿಗಿ ಹಸಿವಾಗ್ಯಾದ, ಮೊದಲ ಕುಡಿಸು, ಪಾಠ ಎಲ್ಲೂ ಓಡಿಹೋಗಂಗಿಲ್ಲ.” “ಉಜೈರ್, ಇವತ್ತ ಗಿರಾಕಿ ಜೋರದಾರಲ್ಲೋ, ಬೇಡಿಕಿ ಅಂದ್ರೇನು ನೀನೇ ಹೇಳು.” ಹೀಗೆ ಆ ಕರಿ ಚೌಕಗಳಲ್ಲಿ ಮಂದಿ ಬಂದು ಕೂತರು. ಸಂಸ್ಥೆಯ ಬೇರೆ ತರಗತಿಗಳಲ್ಲಿ ಜನ ಉದುರುತ್ತಿದ್ದಾಗ ಇವರಲ್ಲಿ ಒಬ್ಬರೂ ಬಿಡಲಿಲ್ಲ.

ಇದನ್ನೆಲ್ಲ ಶಾರದಾಬಾಯಿ ಅಡುಗೆಮನೆಯಿಂದ ತುಂಡುತುಂಡಾಗಿ ಕೇಳಿದವರು. ಪಾಠದ ಹೊತ್ತೂ ರೊಟ್ಟಿಯ ಹೊತ್ತೂ ಒಂದೇ. ಹಿಟ್ಟು ಬಡಿಯುವಾಗ ಹೊರಗಿನದು ಏನೂ ಕೇಳುತ್ತಿರಲಿಲ್ಲ. ಹಂಚಿಗೆ ಹಾಕಿ ನೀರು ಸವರುವಾಗ ಒಂದಿಷ್ಟು ಮಾತು ಕಿವಿಗೆ ಬೀಳುತ್ತಿತ್ತು, ಅಷ್ಟರಲ್ಲಿ ಮುಂದಿನ ರೊಟ್ಟಿ. ನಡುವಿನ ಬಾಗಿಲನ್ನು ಗಂಡ ಒಂದು ದಿನವೂ ಮುಚ್ಚಿದವರಲ್ಲ. ಹೊಗೆ, ಸೆಕೆ, ತನ್ನ ಬಡಿತ ಯಾವುದೂ ಅವರಿಗೆ ಲೆಕ್ಕಕ್ಕಿಲ್ಲ ಎಂದುಕೊಂಡು ಶಾರದಾಬಾಯಿ ಅದನ್ನೂ ತಕರಾರಿಗೆ ಸೇರಿಸಿಕೊಂಡಿದ್ದರು.

*

“ಅಣವೀರಪ್ಪ ಸರ್ ಮನಿ ಇದೇ ಏನ್ರಿ?”

ಹೊರಗಿನಿಂದ ದನಿ ಕೇಳಿದ್ದೇ ಶಾರದಾಬಾಯಿಯ ಬೆನ್ನು ನೆಟ್ಟಗಾಯಿತು. ಮುಖ ನೋಡಿದ್ದಿಲ್ಲ, ದನಿ ಮಾತ್ರ ಎಲ್ಲಿ ಕೇಳಿದರೂ ಗುರುತು ಹತ್ತುತ್ತಿತ್ತು. ಯಾರೋ ಹೊರಗೆ ಪಿಸುಮಾತಿನಲ್ಲಿ ಸುದ್ದಿ ಹೇಳಿದರು. “ಯಾ ಅಲ್ಲಾ,” ಎಂದಿತು ಅದೇ ದನಿ.

ಬುರ್ಖಾ ತೊಟ್ಟ, ಮೂವತ್ತರ ಆಸುಪಾಸಿನ ಹೆಣ್ಣುಮಗಳು ಹೊಸ್ತಿಲಲ್ಲಿ ನಿಂತಳು. ಎದೆಗೆ ಏನನ್ನೋ ಅವಚಿಕೊಂಡಿದ್ದಳು. ನೀಲಿ ಚೌಕದ ಮುಂದೆ, ಅದೇ ಗೀರಿನ ಅಂಗಿಯಲ್ಲಿ, ಎಂದಿನಂತೆ ಕೂತಿದ್ದವರನ್ನು ನೋಡಿ ಒಂದು ಗಳಿಗೆ ಅವಳ ಮುಖದಲ್ಲಿ ಗುರುತಿನ ನಗುವೇ ಬಂತು. ಆಮೇಲೆ ಅವರ ಮಡಚಿದ ಕಾಲು, ಪುಟ್ಟ ಪಾದ ಕಣ್ಣಿಗೆ ಬಿದ್ದವು.

“ಸರ್ ಇಷ್ಟ ಸಣ್ಣವರಿದ್ರಂತ ಗೊತ್ತೇ ಇದ್ದಿಲ್ರಿ,” ಎಂದು ಬಾಗಿಲಿಗೆ ಆತು ಅಳತೊಡಗಿದಳು.

ಇಮಾಮಬಿ ಅವಳನ್ನು ಒಳಗೆ ಕರೆದು ಕೂರಿಸಿದಳು. ಶಾರದಾಬಾಯಿ ಅತ್ತ ತಿರುಗಿಯೂ ನೋಡಲಿಲ್ಲ. ಇಡೀ ಕಲಬುರಗಿಯಲ್ಲಿ ಈ ಹೊತ್ತು ಅವರಿಗೆ ಯಾರ ಮುಖ ನೋಡುವುದು ಬೇಡವಾಗಿತ್ತೋ ಆ ಮುಬಶ್ಶಿರಾಳೇ ಬಂದು ಕೂತಿದ್ದಳು.

*

ಹೋದ ವಾರ ಶಾರದಾಬಾಯಿಗೆ ಜ್ವರ ಬಂದಿತ್ತು. ಹೇಳಿಕೊಂಡು ತಿರುಗುವಂಥದ್ದಲ್ಲ, ಆದರೂ ಮೈ ಕಾದ ಹಂಚಾಗಿತ್ತು. ರೊಟ್ಟಿ ಮುಗಿಸಿ ಅಡುಗೆಮನೆಯ ನೆಲಕ್ಕೇ ಅಡ್ಡಾಗಿದ್ದರು. ತೆಗೆದ ಬಾಗಿಲಿನಿಂದ ಗಂಡನ ದನಿ ಸ್ಪಷ್ಟವಾಗಿ ಬರುತ್ತಿತ್ತು.

“ಮುಬಶ್ಶಿರಾ, ಜ್ವರ ಹ್ಯಾಂಗವ ತಾಯಿ? ಡಾಕ್ಟರಿಗಿ ತೋರಿಸ್ದೇನು? ಗುಳಿಗಿ ತಗೊಂಡು ಬೆಚ್ಚಗ ಮಲಕೋ, ಪಾಠ ನಾಳಿಗಿ ಮತ್ತ ಹೇಳ್ತೀನಿ.”

ಶಾರದಾಬಾಯಿ ಸೂರು ನೋಡುತ್ತ ಮಲಗಿದ್ದರು. ಆ ಮೋಮಿನಪುರದ ಜ್ವರ ಅವರಿಗೆ ಇಲ್ಲಿ ಕೂತಲ್ಲೇ ಗೊತ್ತಾಗುತ್ತದೆ, ಹತ್ತು ಹೆಜ್ಜೆ ಈಚೆಗಿನದು ಗೊತ್ತಾಗುವುದಿಲ್ಲ. ಅಷ್ಟು ವರ್ಷ ಸಂಸಾರ ಮಾಡಿ ಕೊನೆಗೆ ತನಗೊಂದು ಕರಿ ಚೌಕದಷ್ಟೂ ಜಾಗ ಇಲ್ಲವೆಂದು ಹೊಟ್ಟೆಯಲ್ಲಿ ಕಿಚ್ಚೆದ್ದಿತು. ಗಂಡ ಪಾಠ ಮುಗಿಸಿ ಬಂದು, “ಊಟಕ್ಕ ಹಾಕ್ತೀ?” ಎಂದರು. ಶಾರದಾಬಾಯಿ ಹಾಕಿದರು. ಅಂದಿನಿಂದ ಮಾತು ಬಿಟ್ಟರು.

ಮಾರನೆಯ ದಿನ ಜ್ವರ ಬಿಟ್ಟಿತು, ಸಿಟ್ಟು ಬಿಡಲಿಲ್ಲ. ರೊಟ್ಟಿ ಬಡಿಯುವುದನ್ನೇ ನಿಲ್ಲಿಸಿದರು. ಸೂಪರ್ ಮಾರ್ಕೆಟ್ಟಿನ ರೊಟ್ಟಿ ಕೇಂದ್ರದಿಂದ ಕಟ್ಟು ತರಿಸಿಟ್ಟು, ಪಾಠದ ಹೊತ್ತಿಗೆ ಹೊರಗಿನ ಕಟ್ಟೆಗೆ ಹೋಗಿ ಕೂರತೊಡಗಿದರು. ಯಾಕೆಂದು ಅವರೇ ಕೇಳಲಿ, ಕೇಳಿದರೆ ಎಲ್ಲ ಅಂದುಬಿಡುತ್ತೇನೆ ಎಂದು ಕಾದರು. ಗಂಡ ಆ ಖಡಕ್ ರೊಟ್ಟಿಯನ್ನು ಸುಮ್ಮನೆ ಮುರಿದು ತಿಂದರು. ನಿನ್ನೆ ಕೇಳಿದ್ದು, ಕೈ ನೋಯುತ್ತವೆಯೇ ಅಂತ. ಇಷ್ಟೇನಾ ಇವರಿಗೆ ಅರ್ಥವಾದದ್ದು ಎಂದು ಇನ್ನಷ್ಟು ರೇಗಿತ್ತು.

*

ಹೆಣ ಎತ್ತುವ ಮೊದಲು ಹೆಂಗಸರು ಒಬ್ಬೊಬ್ಬರಾಗಿ ಹೊರಗೆ ಹೋದರು. ಶಾರದಾಬಾಯಿಯ ಜೊತೆ ಉಳಿದದ್ದು ಇಮಾಮಬಿ, ಮುಬಶ್ಶಿರಾ ಇಬ್ಬರೇ. ಮುಬಶ್ಶಿರಾ ಹತ್ತಿರ ಸರಿದು ಬಂದು, ಎದೆಗೆ ಅವಚಿಕೊಂಡಿದ್ದ ಪೊಟ್ಟಣ ಬಿಚ್ಚಿದಳು. ಹಳೆಯ ಔಷಧದ ಬಾಟಲಿ, ಒಳಗೆ ಕಂದು ಎಣ್ಣೆ.

“ಅಮ್ಮಾ, ಇದು ನಿಮಗ್ರಿ. ಇವತ್ತ ತಂದು ಕೊಡು ಅಂತ ಸರ್ ನಿನ್ನಿ ಹೇಳಿದ್ರು.”

“ಏನದು?”

“ಎಣ್ಣಿರಿ. ನಮ್ಮ ದಾದಿ, ಅಂದ್ರ ಅಜ್ಜಿ, ಕಾಸ್ತಾರ. ಕೈ ನೋವಿಗಿ ಚಲೋ ಅದ. ನಿಮ್ಮ ಕೈ ಭಾಳ ನೋಯ್ತಾವಂತಲ್ರಿ.”

ಶಾರದಾಬಾಯಿ ಮೊದಲ ಸಲ ಅವಳ ಮುಖ ನೋಡಿದರು. ಜ್ವರ ಬಿಟ್ಟ ಮೇಲಿನ ಕಳೆಗುಂದಿದ ಮುಖ. “ಯಾರಂದ್ರು?”

“ಸರ್ ಅಂದ್ರು. ದಿನಾ ಹಾಜರಿಗಿ ನಮ್ಮೆಲ್ಲರ ಮನಿ ಕೇಳಿ ಆದಮ್ಯಾಲ ಸರ್ ತಮ್ಮ ಮೈಕ್ ಅಡಗಿಮನಿ ಕಡಿ ತಿರುಗಸ್ತಿದ್ರು. ‘ಇದು ನಮ್ಮ ಮನಿ’ ಅಂತಿದ್ರು. ನೀವು ರೊಟ್ಟಿ ಬಡಿಯೋದು ಕೇಳಸ್ತಿತ್ತು. ನಮಗೆಲ್ಲಾ ರೂಢಿ ಆಗಿತ್ರಿ. ಸದ್ದ ನಿಂತ್ರ, ‘ರೊಟ್ಟಿ ಮುಗದ್ವು, ಇನ್ನ ನನಗ ಹಸಿವಾಗ್ತದ, ನಡೀರಿ’ ಅಂತ ನಗ್ತಿದ್ರು.” ಅವಳು ಮೂಗು ಒರೆಸಿಕೊಂಡಳು. “ಈ ವಾರ ಏನೂ ಕೇಳಸಲಿಲ್ರಿ. ಉಜೈರ್ ಕೇಳೇಬಿಟ್ಟ, ಸರ್ ನಿಮ್ಮ ಮನಿ ಯಾಕ ಸುಮ್ಮನದ ಅಂತ. ಸರ್, ‘ನಮ್ಮ ಮನೀದು ಗೈರುಹಾಜರಿ ಹಾಕ್ಕೋರಪಾ. ಇಷ್ಟ ವರ್ಷ ಬಡಿದ ಕೈ, ಸೋತಿರಬೇಕು. ಆಕಿ ಬಾಯಿ ಬಿಟ್ಟು ಹೇಳೋಳಲ್ಲ. ಯಾರಿಗಾರ ಔಷಧ ಗೊತ್ತಿದ್ರ ಹೇಳ್ರಿ’ ಅಂದ್ರು. ಎಲ್ಲಾರೂ ಒಂದೊಂದು ಹೇಳಿದ್ವಿ.”

ಶಾರದಾಬಾಯಿ ತೊಡೆಯ ಮೇಲಿದ್ದ ತಮ್ಮ ಕೈಗಳನ್ನು ನೋಡಿಕೊಂಡರು. ಗಟ್ಟಿಮುಟ್ಟಾದ ಕೈಗಳು. ಒಂದು ದಿನವೂ ನೋಯದ ಕೈಗಳು. ಆ ಮಾತನ್ನು ಈ ಹುಡುಗಿಗೆ ಹೇಳಬೇಕೆಂದರೆ ಉಳಿದದ್ದನ್ನೂ ಹೇಳಬೇಕಾಗುತ್ತದೆ. ಅವರು ಬಾಟಲಿ ಇಸಿದುಕೊಂಡರು.

ಹೆಂಡತಿಯ ಸಿಟ್ಟನ್ನು ಕೈನೋವೆಂದು ತಿಳಿದು ಊರಿಗೆಲ್ಲ ಔಷಧ ಕೇಳಿದ ಪೆದ್ದ ಮನುಷ್ಯ ಅಲ್ಲಿ ನೆಟ್ಟಗೆ ಕೂತಿದ್ದರು. ‘ಜ್ವರ ಬಂದದ ಅಂತ ನಾನೇ ಬಾಯಿಬಿಟ್ಟು ಹೇಳಿದ್ರ ಏನಾಗ್ತಿತ್ತು? ಇವರಾದ್ರೂ ಆ ಬಾಗಿಲು ಯಾಕ ತೆಗೆದಿಡ್ತಿದ್ರಂತ ಒಂದ್ ಮಾತು ಹೇಳಿದ್ರ ಏನು ಗಂಟು ಹೋಗ್ತಿತ್ತು?’ ದುಃಖಕ್ಕಿಂತ ಮೊದಲು ಸಿಟ್ಟೇ ಬಂತು, ಸಿಟ್ಟಿನ ಬೆನ್ನಿಗೇ ಅಳು ಬಂತು. ಶಾರದಾಬಾಯಿ ಸೆರಗು ಬಾಯಿಗೊತ್ತಿಕೊಂಡು ಬಿಕ್ಕಿದರು. “ಹಾಂ, ಅಳ್ರಿ ಬಾಯಿ, ಅಳ್ರಿ,” ಎಂದು ಇಮಾಮಬಿ ಬೆನ್ನು ಸವರಿದಳು. ಅವಳ ಪಾಲಿಗೆ ಎಲ್ಲ ಸರಿಯಾಯಿತು.

*

ಟೆಂಪೊ ಜಗತ್ ಸರ್ಕಲ್ ದಾಟುವಾಗ ಗದ್ದಲದಲ್ಲಿ ಭಜನೆಯವರ ತಾಳವೂ ಕೇಳಲಿಲ್ಲ. ಅಣವೀರಪ್ಪನವರು ಹೂವಿನ ಹಾರಗಳ ನಡುವೆ ಕುರ್ಚಿಯಲ್ಲಿ ಕೂತು, ಗುಂಡಿಗಳಿಗೆಲ್ಲ ತಲೆಯಾಡಿಸುತ್ತ ಊರು ಬಿಟ್ಟರು. ಹಿಂದಿನ ಗಾಡಿಯಲ್ಲಿ ಶಾರದಾಬಾಯಿ, ಇಮಾಮಬಿ, ಮುಬಶ್ಶಿರಾ. “ನಾನೂ ಬರ್ಲೇನ್ರಿ?” ಎಂದು ಅವಳು ಕೇಳಿದಾಗ ಶಾರದಾಬಾಯಿ ಸರಿದು ಜಾಗ ಮಾಡಿದ್ದರು. ದಾರಿಯುದ್ದಕ್ಕೂ ಅವಳು ಫೋನಿನಲ್ಲಿ ಒಬ್ಬೊಬ್ಬರಿಗೇ ಸುದ್ದಿ ಹೇಳುತ್ತ ಬಂದಳು. ಹೇಳಿ ಹೇಳಿ ಕೊನೆಕೊನೆಗೆ ಅವಳ ದನಿಯೇ ಸವೆದುಹೋಯಿತು.

ಕಮಲಾಪುರದ ರಸ್ತೆ ಬದಿಗೆ ಕೆಂಪು ಬಾಳೆಹಣ್ಣಿನ ಗೊನೆಗಳು ತೂಗಿಬಿದ್ದಿದ್ದವು. ಮಹಾದೇವಪ್ಪನ ತೋಟದ ಅಂಚಿನಲ್ಲಿ, ಅಪ್ಪ ಅವ್ವನ ಪಕ್ಕಕ್ಕೆ, ಗುಂಡಿ ಆಗಲೇ ಅಗೆದಿತ್ತು. ಕುರ್ಚಿಯಿಂದ ಇಳಿಸಿ ಒಳಗೆ ಕೂರಿಸಿದರು. ಅಯ್ಯನವರ ಮಂತ್ರ ಆಯಿತು, ಉಪ್ಪು ವಿಭೂತಿ ಪತ್ರಿ ಬಿದ್ದವು, ಬಂದವರೆಲ್ಲ ಹಿಡಿ ಮಣ್ಣು ಹಾಕಿದರು. ಮುಬಶ್ಶಿರಾ ಹಿಂದೆ ಮುಂದೆ ನೋಡುತ್ತಿದ್ದಾಗ, “ಹಾಕವಾ,” ಎಂದರು ಶಾರದಾಬಾಯಿ. ಅವಳೂ ಹಾಕಿದಳು. ಸಲಿಕೆಯವರು ಉಳಿದ ಮಣ್ಣೆಳೆದು ದಿಬ್ಬ ಮಾಡಿ, ನೀರು ಚಿಮುಕಿಸಿ ಸರಿದು ನಿಂತರು. ಎಲ್ಲರಿಗೂ ಸಾಕಾಗಿತ್ತು. ಮಂದಿ ಕೈಕಾಲು ತೊಳೆಯಲು ಬಾವಿ ಕಡೆ ಹೊರಟರು.

ಆಗ ಮುಬಶ್ಶಿರಾಳ ಫೋನು ಗುಂಯ್ಗುಟ್ಟಿತು. ಅವಳು ತೆಗೆದು ನೋಡಿ ತಬ್ಬಿಬ್ಬಾದಳು.

“ಐದ್ ಆಯ್ತಲ್ರಿ ಅಮ್ಮಾ, ಎಲ್ಲಾರೂ ಕ್ಲಾಸಿಗಿ ಬಂದಾರ. ದಿನಾದ ಲಿಂಕ್ ಅದೇ ಇರ್ತದ. ಸರ್ ಇಲ್ಲಂತ ಎಲ್ಲಾರಿಗೂ ಹೇಳೀನಿ, ಆದ್ರೂ ಬಂದು ಸುಮ್ಮನ ಕುಂತಾರ.”

“ಮಣ್ಣಿನ ಹೊತ್ತಿನಾಗ ಫೋನ್ ಬ್ಯಾಡವಾ ತಂಗಿ,” ಎಂದ ಮಹಾದೇವಪ್ಪ.

“ಇರ್ಲಿ ಮಹಾದೇವಪ್ಪ,” ಎಂದರು ಶಾರದಾಬಾಯಿ. “ಅವರ ಪಾಠದ ಹೊತ್ತದು.” ಮುಬಶ್ಶಿರಾಳ ಕಡೆ ತಿರುಗಿ, “ಮೈಕ್ ತೆಗೀಲಿಕ್ಕ ಹೇಳು ಎಲ್ಲಾರಿಗಿ,” ಎಂದರು.

ಹೇಳಿದಳು. ಫೋನಿನಿಂದ ಒಂದೊಂದೇ ಮನೆ ಬಂತು. ಆಟೋ ಹಾರನ್ನು, ಹಣ್ಣಿನ ದರ ಕೇಳುವ ಯಾರದೋ ಕೂಗು. “ಇವ ಉಜೈರ್,” ಎಂದರು ಶಾರದಾಬಾಯಿ. ಕೊರಳಗಂಟೆ, ಅದರ ಹಿಂದೆ ಕೂಸಿನ ತೊದಲು. “ಗೌತಮಿ.” ಎಲ್ಲೋ ಕುಕ್ಕರ್ ಕೂಗಿತು, ಎಲ್ಲೋ ನಲ್ಲಿ ನೀರು ಬಕೀಟಿಗೆ ಬೀಳುತ್ತಿತ್ತು, ಯಾರೋ ತಡೆದುಕೊಂಡು ಅಳುತ್ತಿದ್ದರು. ಮನೆಗಳೆಲ್ಲ ಮುಗಿದ ಮೇಲೂ ಯಾರೂ ಮೈಕ್ ಬಂದ್ ಮಾಡಲಿಲ್ಲ. ಇನ್ನೊಂದು ಮನೆ ಬಾಕಿ ಇದೆಯೆಂದು ಅವರಿಗೆಲ್ಲ ಗೊತ್ತಿತ್ತು.

ಶಾರದಾಬಾಯಿ ಫೋನು ಇಸಿದುಕೊಂಡು ದಿಬ್ಬದ ಅಂಚಿಗಿಟ್ಟರು. ಸೆರಗು ಸೊಂಟಕ್ಕೆ ಸಿಗಿಸಿ ಮಂಡಿಯೂರಿದರು. ಎರಡೂ ಅಂಗೈ ಹರಡಿ ಹಸಿಮಣ್ಣಿನ ಮೇಲೆ ಬಡಿದರು. ಮೊದಲು ಮೆಲ್ಲಗೆ. ಆಮೇಲೆ ಕೈಗೆ ತನ್ನ ಹಳೆಯ ಲಯ ಸಿಕ್ಕಿತು. ಒಂದು ಅಂಗೈ ಬಡಿಯುವಾಗ ಇನ್ನೊಂದು ಅಂಚು ತಿದ್ದುತ್ತ, ದಿಬ್ಬದ ಸುತ್ತ ಸರಿಯುತ್ತ ಹೋಯಿತು. ಬಾವಿಯ ಕಡೆ ಹೊರಟಿದ್ದವರು ಆ ಸದ್ದಿಗೆ ನಿಂತು ತಿರುಗಿ ನೋಡಿದರು. ಫೋನಿನೊಳಗೆ ಉಜೈರ್ ಬಂಡಿಯ ಮುಂದಿನ ಗಿರಾಕಿಗೆ, “ಏಕ್ ಮಿನಿಟ್, ಚುಪ್,” ಎಂದ.

ಮುಬಶ್ಶಿರಾ ಬಗ್ಗಿ ಅವರ ಮೊಣಕೈ ಹಿಡಿದಳು. “ಸಾಕ್ರಿ ಅಮ್ಮಾ, ಕೈ ನೋಯ್ತಾವ.”

“ನೋಯಂಗಿಲ್ಲ,” ಎಂದರು ಶಾರದಾಬಾಯಿ, ಅವಳಿಗಲ್ಲ, ದಿಬ್ಬಕ್ಕೆ. “ಒಂದಿನಾನೂ ನೋಯ್ಲಿಲ್ರಿ.”

ಕೈ ಬಿಡಿಸಿಕೊಂಡು, ಪಕ್ಕದ ಬಿಂದಿಗೆಯಿಂದ ಬೊಗಸೆ ನೀರು ತೆಗೆದು, ಒಣಗುತ್ತಿದ್ದ ಮಣ್ಣಿನ ಮೇಲೆ ಹಂಚಿನ ಮೇಲಿನ ರೊಟ್ಟಿಗೆ ಸವರುವ ಹಾಗೆ ಮೆಲ್ಲಗೆ ಸವರಿದರು. ಮತ್ತೆ ಬಡಿಯತೊಡಗಿದರು.